ಬೀಗ, ಬೀಗರು

ಬ್ಯಾಡಗಿಯಲ್ಲಿ ಗೋಣಿಚೀಲದ ಅಂಗಡಿಯ ಮಾಳಿಗೆ ಮೇಲೆ
ಎರಡು ಕುರ್ಚಿ, ಒಂದು ಫ್ಯಾನಿನ ಕಂಪನಿ ನಮ್ಮದು.
ಕೆಳಗೆ ಚೀಲ ಕೊಡವಿದರೆ ಮೇಲೆ ನಾವು ಸೀನುತ್ತೇವೆ;
ಫೆಬ್ರುವರಿಯಲ್ಲಿ ಕೀಬೋರ್ಡಿನ ಸಂದಿಯಲ್ಲೂ ಘಾಟು.
ಮೆಣಸಿನಕಾಯಿ ಪೇಟೆಯ ಪಟ್ಟಿ ಬರೆಯುವ ಸಾಫ್ಟ್‌ವೇರು ನನ್ನದು:
ತೂಕ, ದರ, ಹಮಾಲಿ, ದಲಾಲಿ,
ಕಡೆಗೆ ಪೈಸೆ ಇಲ್ಲದ ಒಂದು ಮೊತ್ತ.

ಆರು ವರ್ಷದ ಕೋಡು. ಎಲ್ಲೆಂದರಲ್ಲಿ ಗಂಟು,
ಒಂದು ಸಾಲು ಒಳಗೆ, ಒಂದು ಸಾಲು ಹೊರಗೆ.
ಹೊಸದಾಗಿ ಸೇರಿದ ರುಕ್ಸಾರ್ ಕೇಳಿದಳು,
"ಅಕ್ಕಾ, ಇದಕ್ಕ ತಲಿ ಬಾಚೋರು ಯಾರೂ ಇಲ್ಲೇನು?"
ನಾಚಿಕೆಯಾಯಿತು.
ಬುಧವಾರ ರಾತ್ರಿ ಒಂದು ಬಾಚಣಿಗೆ ತಂದೆ,
ಸಾಲು ನೇರ ಮಾಡುವ ಸಣ್ಣ ಸಲಕರಣೆ.
ಕೋಡಿನ ಅರ್ಥ ಮುಟ್ಟುವುದಿಲ್ಲ ಎಂದು
ಅದರ ಹಣೆಯ ಮೇಲೇ ಬರೆದಿತ್ತು.
ಸುಳ್ಳೂ ಅಲ್ಲ.

ಒಂದೇ ಸಾಲಿನ ಆಜ್ಞೆ. ಎಂಟರ್ ಒತ್ತಿ
ಚಹಾದ ಲೋಟ ತೊಳೆಯಲು ಹೋದೆ.
ಬಾಚಣಿಗೆ ಒಂಟಿಯಾಗಿ ಬರಲಿಲ್ಲ.
ಅದಕ್ಕೆ ಎಣ್ಣೆ ಬೇಕು, ಎಣ್ಣೆಗೆ ಬಟ್ಟಲು,
ಬಟ್ಟಲು ಹೋದ ವರ್ಷದ್ದು ನಡೆಯದು, ಈ ವರ್ಷದ್ದೇ ಆಗಬೇಕು.
ಬೀಗ ಹಾಕಿಟ್ಟ ಕಡತದೊಳಗೆ
ಬೀಗರು ಬಂದಿಳಿದರು,
ಬೀಗರ ಬೀಗರೂ,
ಇದ್ದವರಿಗೆ "ಸ್ವಲ್ಪ ಸರೀರಿ" ಅಂದರು.
ತಿರುಗಿ ಬಂದಾಗ ತೆರೆಯ ಮೇಲೆ ಹಸಿರು ಅಕ್ಷರ:
ಒಂದು ಸೇರಿತು, ಮೂವತ್ತೇಳು ಬದಲಾದವು.
ನಾನು ಓದಿದ್ದು ಹಸಿರನ್ನು.

ಗುರುವಾರ ಪೇಟೆಯ ದಿನ. ಮಧ್ಯಾಹ್ನ ಮೂರಕ್ಕೆ
ಮೆಟ್ಟಿಲು ಹತ್ತಿ ಬಂದ ತೂಕದ ಗುಮಾಸ್ತ ಹಜರತಸಾಬ,
ಕಿವಿಯ ಮೇಲೆ ಪೆನ್ಸಿಲು, ಕೈಯಲ್ಲಿ ಪಟ್ಟಿಗಳ ಕಟ್ಟು.
"ಅಕ್ಕಾರ, ನಿಮ್ಮ ಮಷೀನಿಗೆ ಸಮ ಬೆಸ ಯಾರು ಕಲಿಸಿದರು?
ಎಂಟಾಣೆ ಬಂತಂದ್ರ ರೈತಗ ಮ್ಯಾಲ ಹೋಗೂದು ನಮ್ಮ ವಾಡಿಕಿ.
ಇವತ್ತ ಬೆಸದ ಮ್ಯಾಲ ಎಂಟಾಣೆ ಇದ್ರ ಏರತೈತಿ,
ಸಮದ ಮ್ಯಾಲ ಇದ್ರ ಇಳೀತೈತಿ.
ಮೂವತ್ತೊಂದು ಪಟ್ಟಿ ನೋಡೀನಿ. ಒಂದೂ ಲೆಕ್ಕ ತಪ್ಪಿಲ್ಲ,
ಅದಕ್ಕ ಸಂಶೆ ಬಂತು."

ಎಂಟಾಣೆ ನಾಣ್ಯ ಪೇಟೆಯಲ್ಲಿ ಕಾಣದೆ ಎಷ್ಟೋ ವರ್ಷವಾಯಿತು.
ಅದು ಹೋಗುವ ದಾರಿ ಮಾತ್ರ ಉಳಿದಿತ್ತು
ಗುಮಾಸ್ತರ ಬೆರಳಲ್ಲಿ, ಮತ್ತೆ
ನಾನು ಎಂದೂ ತೆರೆದು ನೋಡದ ಒಂದು ಪ್ಯಾಕೇಜಿನ
ಹಳೆಯ ವರ್ಷನ್ನಿನ ರೂಢಿಯಲ್ಲಿ.
ನಾನು ಬರೆದದ್ದಲ್ಲ ಅದು. ಒರಗಿಕೊಂಡಿದ್ದೆ ಅಷ್ಟೇ,
ಪಕ್ಕದ ಮನೆಯವರ ಗೋಡೆಗೆ ಒರಗಿದಂತೆ.
ರಾತ್ರೋರಾತ್ರಿ ಗೋಡೆ ಸರಿಯಿತು.
ಅವರ ಗೋಡೆ, ಅವರಿಷ್ಟ;
ಕರೆದವಳು ನಾನು.

ರುಕ್ಸಾರ್ ಹಳೆಯ ಕಡತ, ಹೊಸ ಕಡತ ಅಕ್ಕಪಕ್ಕ ಇಟ್ಟಳು.
ಕೆಂಪು, ಹಸಿರು, ಕೆಂಪು, ಹಸಿರು.
ರಾಶಿಯ ಮುಂದೆ ಕೂತು ಬಿಳಿಗಾಯಿ ಆರಿಸುವ ಹೆಂಗಸರ ಹಾಗೆ
ಒಂದೊಂದೇ ಸಾಲಿಗೆ ಉಗುರು ಹಾಕಿದಳು.
ಇಪ್ಪತ್ತೆರಡನೆಯದು. "ಇಲ್ಲೈತಿ ನೋಡ್ರಿ."
ಎರಡು ಚುಕ್ಕಿಗಳ ನಡುವೆ ಒಂದೇ ಒಂದು ಅಂಕಿ,
ನಾಲ್ಕಿದ್ದದ್ದು ಐದಾಗಿತ್ತು.

ಹಳೆಯ ಬೀಗ ತಂದು ಹಾಕಿದೆ.
ಬಾಚಣಿಗೆಗೆ ಹೊರಗೆ ಅದರದೇ ಗೂಡು ಮಾಡಿಕೊಟ್ಟೆ:
ಬಾ, ತಲೆ ಬಾಚು, ಹೋಗು,
ಅಡುಗೆಮನೆಗೆ ಕಾಲಿಡಬೇಡ.

ಇಳಿದ ಪಟ್ಟಿ ಹದಿನಾಲ್ಕು. ಹದಿನಾಲ್ಕು ರೂಪಾಯಿ.
"ಬಿಡವಾ, ಚಹಾದ ರೊಕ್ಕ," ನಕ್ಕರು ಮಾಲೀಕ ಗುರುಶಾಂತಪ್ಪ.
ಹಜರತಸಾಬ ನಗಲಿಲ್ಲ. ಹೆಸರು ಬರೆದುಕೊಂಡಿದ್ದ.
ಸೋಮವಾರ ನನ್ನ ಚಿಲ್ಲರೆ ಒಯ್ದು ಹಂಚಿದ;
ಹನ್ನೆರಡು ಜನ ಸಿಕ್ಕರು.
ಮೋಟೆಬೆನ್ನೂರಿನ ಚನ್ನಬಸವ್ವ ರೂಪಾಯಿ ತಿರುವಿ ನೋಡಿ
"ಯಾತರದ್ದೋ ಇದು?" ಅಂದಳಂತೆ.
"ಬಾಚಣಿಗಿದು."
"ನಿಮ್ಮ ಪೇಟ್ಯಾಗ ಅದಕ್ಕೂ ಮುರಕೋತೀರೇನು!"
ಸೆರಗಿಗೆ ಗಂಟು ಹಾಕಿಕೊಂಡು ಹೋದಳಂತೆ.

ಉಳಿದೆರಡು ರೂಪಾಯಿ
ನನ್ನ ಮಾನಿಟರಿನ ಕಾಲಬುಡದಲ್ಲಿವೆ.
ಅವಕ್ಕೂ ಈಗ ಘಾಟು ಹತ್ತಿದೆ.